ಪ್ಲೇಗು ನೋಡಲು ವೆನಿಸ್‌ಗೆ

‘ವೆನಿಸ್‌ನಲ್ಲಿ ಏನೇನು ನೋಡಿದ್ರಿ?’ ಅಂತ ಬೆಳಗಿನ ವಾಕಿಂಗ್ ಗೆಳೆಯರು ಕೇಳಿದರು. ‘ಪ್ಲೇಗು’ ಅಂದೆ. ಎಲ್ಲರೂ ನಕ್ಕರು. ತಮಾಷೆ ಅಲ್ಲ, ನಿಜವಾಗಿ ನಾವು ನೋಡಿಬಂದದ್ದು ಅದನ್ನೇ.

ನಾನು ಮೂವತ್ತೊಂದು ವರ್ಷ ಪುರಸಭೆಗಳಲ್ಲಿ ಹೆಲ್ತ್ ಇನ್ಸ್‌ಪೆಕ್ಟರ್ ಆಗಿದ್ದವನು. ಚರಂಡಿ, ಸೊಳ್ಳೆ, ಹೋಟೆಲ್ ಅಡುಗೆಮನೆ, ಬ್ಲೀಚಿಂಗ್ ಪೌಡರ್ ಲೆಕ್ಕ, ಜೊತೆಗೆ ಜನನ ಮರಣದ ರಿಜಿಸ್ಟರ್. 1994ರಲ್ಲಿ ಸೂರತ್‌ನಲ್ಲಿ ಪ್ಲೇಗು ಅಂತ ಸುದ್ದಿ ಬಂದಾಗ ಇಲಿ ಬೋನು ಹೊತ್ತುಕೊಂಡು ಊರೆಲ್ಲ ಸುತ್ತಿದ್ದೆ. ಅಕ್ಕನ ಮಗಳು ವೆನಿಸ್ ಹತ್ತಿರದ ಪಾದುವಾದಲ್ಲಿ ಓದುತ್ತಿದ್ದಾಳೆ. ‘ಜುಲೈನಲ್ಲಿ ಬನ್ನಿ ಮಾಮ. ಪ್ಲೇಗು ಬಿಟ್ಟುಹೋದ ಖುಷಿಗೆ ಇಲ್ಲಿ ಈಗಲೂ ಹಬ್ಬ ಮಾಡ್ತಾರೆ’ ಅಂದಳು. ಅಷ್ಟು ಹೇಳಿದ್ದೇ ಸಾಕಾಯಿತು. ಹೆಂಡತಿ ಅವಲಕ್ಕಿ, ಚಟ್ನಿಪುಡಿ ಕಟ್ಟಿಕೊಂಡಳು, ಹೊರಟೆವು.

ಬುಧವಾರ

ಉಳಿದುಕೊಂಡದ್ದು ಮೆಸ್ತ್ರೆಯಲ್ಲಿ. ವೆನಿಸ್ ಒಳಗೆ ರೂಮಿನ ಬಾಡಿಗೆ ಕೇಳಿದರೆ ತಲೆ ತಿರುಗುತ್ತದೆ. ಮೆಸ್ತ್ರೆ ಅಂದರೆ ನೀರಿನ ಈಚೆ ದಡದ ಊರು, ರೈಲಿನಲ್ಲಿ ಹತ್ತೇ ನಿಮಿಷ. ಹೋಟೆಲಿನ ಎ.ಸಿ. ಮೊದಲ ರಾತ್ರಿಯೇ ಕೈಕೊಟ್ಟಿತು. ಹೆಸರು ಬೇಡ ಬಿಡಿ.

ವೆನಿಸ್ ಸ್ಟೇಷನ್ನಿನಿಂದ ಆಚೆ ಬಂದರೆ ಮೆಟ್ಟಿಲ ಬುಡದಲ್ಲೇ ನೀರು. ಎಲ್ಲರೂ ಫೋಟೋ ತೆಗೆಯುತ್ತಿದ್ದರು, ನಾವೂ ತೆಗೆದೆವು. ಆಮೇಲೆ ಅಕ್ಕನ ಮಗಳು ಸೀದಾ ಸ್ಕೂಲಾ ಗ್ರಾಂದೆ ದಿ ಸಾನ್ ರೋಕ್ಕೊಗೆ ಕರೆದುಕೊಂಡು ಹೋದಳು. ಹೆಸರಲ್ಲಿ ಸ್ಕೂಲು ಇದ್ದರೂ ಶಾಲೆಯಲ್ಲ. 1478ರಲ್ಲಿ ಶುರುವಾದ ಒಂದು ಸಂಘ. ಊರಿನ ಗೃಹಸ್ಥರೆಲ್ಲ ಸೇರಿ ಬಡವರಿಗೆ, ರೋಗಿಗಳಿಗೆ ನೆರವಾಗುತ್ತಿದ್ದ ಸಂಘ. ರೋಕ್ಕೊ ಅಂದರೆ ಪ್ಲೇಗಿನಿಂದ ಕಾಪಾಡುವ ಸಂತ. ಅವನ ಚಿತ್ರವನ್ನು ಎಲ್ಲಿ ಕಂಡರೂ ಗುರುತು ಹಿಡಿಯಬಹುದು. ಅಂಗಿ ಸರಿಸಿ ತೊಡೆಯ ಮೇಲಿನ ಗಡ್ಡೆ ತೋರಿಸುತ್ತಿರುತ್ತಾನೆ. ಪಕ್ಕದಲ್ಲಿ ಒಂದು ನಾಯಿ, ಬಾಯಲ್ಲಿ ರೊಟ್ಟಿ. ಇವನಿಗೆ ಪ್ಲೇಗು ಬಂದು ಕಾಡಿನಲ್ಲಿ ಒಬ್ಬನೇ ಬಿದ್ದಿದ್ದಾಗ ಆ ನಾಯಿ ದಿನಾ ರೊಟ್ಟಿ ತಂದುಕೊಟ್ಟಿತಂತೆ. ‘ದತ್ತಾತ್ರೇಯನ ಹಾಗೆ ಇವನಿಗೂ ನಾಯಿ’ ಅಂತ ಹೆಂಡತಿಗೆ ಅವನು ತಕ್ಷಣ ಇಷ್ಟವಾದ.

ಮೇಲಿನ ಹಾಲಿನಲ್ಲಿ ಛಾವಣಿ ತುಂಬ ತಿಂತೊರೆತ್ತೊ ಬಿಡಿಸಿದ ಚಿತ್ರಗಳು. ಕತ್ತು ನೋಯದಿರಲಿ ಅಂತ ಕೈಗೊಂದು ಕನ್ನಡಿ ಕೊಡುತ್ತಾರೆ. ಕನ್ನಡಿಯನ್ನು ಹೊಟ್ಟೆಯ ಹತ್ತಿರ ಹಿಡಿದು ಬಗ್ಗಿ ನೋಡಬೇಕು. ನಡುವಿನ ದೊಡ್ಡ ಚಿತ್ರದಲ್ಲಿ ಹಾವುಗಳು ಜನರನ್ನು ಕಚ್ಚುತ್ತಿವೆ. ಕಚ್ಚಿಸಿಕೊಂಡವರು ಒಬ್ಬರ ಮೇಲೊಬ್ಬರು ಬಿದ್ದಿದ್ದಾರೆ. ಮೇಲೆ ಕಂಬಕ್ಕೆ ಕಟ್ಟಿದ ಕಂಚಿನ ಹಾವು, ಅದನ್ನು ನೋಡಿದವರು ಬದುಕುತ್ತಾರೆ. ಬೈಬಲ್ಲಿನ ಕಥೆ. ಆದರೆ ಇದನ್ನು ಬರೆದದ್ದು 1575-76ರಲ್ಲಿ. ಹೊರಗೆ ಬೀದಿಯಲ್ಲಿ ನಿಜವಾಗಿಯೇ ಹೆಣ ಬೀಳುತ್ತಿದ್ದ ಕಾಲ. ಮೆಟ್ಟಿಲಿನ ಗೋಡೆಯ ಮೇಲಿನ ಚಿತ್ರ ಇನ್ನೂ ನೇರ. 1666ರಲ್ಲಿ ಝಾಂಕಿ ಎಂಬವನು ಬರೆದದ್ದು. ಅದರಲ್ಲಿ 1630ರ ಪ್ಲೇಗು, ದೋಣಿಗೆ ಹೆಣ ಇಳಿಸುವವರು. ಅವರಿಗೆ ವೆನಿಸ್‌ನಲ್ಲಿ ‘ಪಿಝಿಗಾಮೋರ್ತಿ’ ಅನ್ನುತ್ತಿದ್ದರು. ನನ್ನ ಕಣ್ಣು ಹೋದದ್ದು ಅವರ ತೋಳುಗಳ ಮೇಲೆ. ಎಲ್ಲ ಕಾಲದಲ್ಲೂ ಈ ಕೆಲಸಕ್ಕೆ ಇಂಥದೇ ತೋಳುಗಳು ಬೇಕು. ಕೋವಿಡ್‌ನಲ್ಲಿ ನಮ್ಮ ಪೌರಕಾರ್ಮಿಕರನ್ನು ನೋಡಿದ್ದೇನಲ್ಲ.

ಪಕ್ಕದಲ್ಲೇ ಫ್ರಾರಿ ಚರ್ಚು. ಅಲ್ಲಿ ಚಿತ್ರಕಾರ ತಿತ್ಸಿಯಾನೊನ ಸಮಾಧಿ ಇದೆ. ಅವನು ತೀರಿಕೊಂಡದ್ದು 1576ರ ಆಗಸ್ಟ್ 27ರಂದು, ಪ್ಲೇಗು ಜೋರಾಗಿದ್ದಾಗ. ಆಗ ಊರೊಳಗೆ ಮಣ್ಣು ಮಾಡುವುದೇ ಕಷ್ಟ, ಹೆಣಗಳೆಲ್ಲ ದ್ವೀಪದ ಗುಂಡಿಗೆ. ಈ ಮುದುಕನಿಗೆ ಮಾತ್ರ ಚರ್ಚಿನೊಳಗೆ ಜಾಗ ಸಿಕ್ಕಿತು. ಮಗ ಒರಾಝಿಯೊ ಕೂಡ ಅದೇ ಪ್ಲೇಗಿನಲ್ಲಿ ಹೋದ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಸಮಾಧಿಯಲ್ಲ, ಚರ್ಚಿಗೆ ಅಂಟಿಕೊಂಡಿರುವ ಹಳೆಯ ಮಠ. ಅದು ಈಗ ಸರಕಾರಿ ದಾಖಲೆಗಳ ಕಚೇರಿ. ವೆನಿಸ್ ಗಣರಾಜ್ಯದ ಕಾಗದಪತ್ರಗಳೆಲ್ಲ ಅಲ್ಲಿವೆ, ಕಪಾಟುಗಳ ಉದ್ದವನ್ನು ಕಿಲೋಮೀಟರಿನಲ್ಲಿ ಹೇಳುತ್ತಾರೆ. ಅದರಲ್ಲಿ ಆರೋಗ್ಯ ಮಂಡಳಿಯ ಮರಣ ರಿಜಿಸ್ಟರ್‌ಗಳೂ ಇವೆ, 16ನೇ ಶತಮಾನದವು. ಸತ್ತವರ ಹೆಸರು, ವಯಸ್ಸು, ಯಾವ ಕಾಯಿಲೆ, ಎಷ್ಟು ದಿನದಿಂದ, ಯಾವ ಕೇರಿ. ಅವತ್ತವತ್ತೇ ಬರೆಯುತ್ತಿದ್ದರು. ಯಾಕೆಂದರೆ ಒಂದೇ ಕೇರಿಯಲ್ಲಿ ಜ್ವರದ ಸಾವು ಎರಡು ಮೂರು ಕಂಡರೆ ಮಂಡಳಿಗೆ ಗೊತ್ತಾಗಬೇಕು. ನಮ್ಮ ನಮೂನೆಯಲ್ಲೂ ಇಷ್ಟೇ ಕಲಮುಗಳು! ಒಳಗೆ ಬಿಡಲಿಲ್ಲ, ಸಂಶೋಧಕರಿಗೆ ಮಾತ್ರ. ಬಾಗಿಲ ಹತ್ತಿರ ಸುಮ್ನೆ ಐದು ನಿಮಿಷ ನಿಂತಿದ್ದೆ.

‘ರೀ, ಬಾಗಿಲಲ್ಲಿ ಏನಿದೆ ನೋಡೋಕೆ?’

ಅಜ್ಜಿಯ ಅಕ್ಕನ ನೆನಪಾಗಿತ್ತು. ಅಜ್ಜಿ ಹುಡುಗಿಯಾಗಿದ್ದಾಗ ತಿಪಟೂರು ಕಡೆಯ ನಮ್ಮ ಹಳ್ಳಿಗೆ ಪ್ಲೇಗು ಬಂದಿತ್ತು. ‘ಇಲಿ ಬಿತ್ತು’ ಅಂದರೆ ಸಾಕು, ಮನೆಗೆ ಬೀಗ ಹಾಕಿ ಹೊಲಕ್ಕೆ ಹೋಗಿ ಗುಡಿಸಲು ಕಟ್ಟಿಕೊಳ್ಳುತ್ತಿದ್ದರಂತೆ. ಆ ಗುಡಿಸಲಿನಲ್ಲಿ ಅಜ್ಜಿಯ ಅಕ್ಕ ಸತ್ತಳು, ಹತ್ತೋ ಹನ್ನೊಂದೋ ವರ್ಷ. ಅಜ್ಜಿ ಅವಳನ್ನು ‘ದೊಡ್ಡವಳು’ ಅಂತಲೇ ಹೇಳುತ್ತಿದ್ದಳು. ಮೂವತ್ತೊಂದು ವರ್ಷ ಊರಿನವರ ಸಾವನ್ನೆಲ್ಲ ಬರೆದ ನನಗೆ ಆ ಹುಡುಗಿಯ ಹೆಸರು ಗೊತ್ತಿಲ್ಲ.

ಗುರುವಾರ

ಬೆಳಿಗ್ಗೆ ರಿಯಾಲ್ತೊ ಸೇತುವೆ. ಕಾಲಿಡೋಕೆ ಜಾಗ ಇಲ್ಲ. ಸೇತುವೆಯ ಸಾನ್ ಮಾರ್ಕೊ ಕಡೆಯ ಬುಡದಲ್ಲಿ ತಲೆ ಎತ್ತಿ ನೋಡಿದರೆ ಗೋಡೆಯಲ್ಲಿ ಒಂದು ಚಿನ್ನದ ಬಣ್ಣದ ತಲೆ. ಹಳೆಯ ಔಷಧದ ಅಂಗಡಿಯ ಗುರುತು. ‘ಚಿನ್ನದ ತಲೆ’ ಅಂತಲೇ ಅಂಗಡಿಯ ಹೆಸರು. ಕೆಳಗೆ ಸೆಲ್ಫಿ ತೆಗೆಯುತ್ತಿದ್ದ ನೂರು ಜನರಲ್ಲಿ ಒಬ್ಬರೂ ಅದನ್ನು ನೋಡಿದ್ದು ಕಾಣಲಿಲ್ಲ.

ಈ ಅಂಗಡಿಯ ಹೆಸರುವಾಸಿ ಸರಕು ತೆರಿಯಾಕಾ. ನಮ್ಮ ಭಾಷೆಯಲ್ಲಿ ಹೇಳಬೇಕಾದರೆ ಒಂದು ಲೇಹ್ಯ. ಜೇನುತುಪ್ಪದಲ್ಲಿ ಅರುವತ್ತಕ್ಕೂ ಜಾಸ್ತಿ ಸಾಮಾನು ಕಲಸಿದ್ದು. ರೋಮ್‌ನ ನೀರೋ ಚಕ್ರವರ್ತಿಯ ವೈದ್ಯ ಆಂಡ್ರೊಮಾಕಸ್‌ನ ಹೆಸರಿನಲ್ಲಿ ನಡೆದುಬಂದ ಯೋಗ. ಮೊದಲು ಹಾವಿನ ವಿಷಕ್ಕೆ ಮದ್ದು, ಆಮೇಲೆ ಎಲ್ಲಕ್ಕೂ ಮದ್ದು, ಪ್ಲೇಗಿಗಂತೂ ಮೊದಲ ಮದ್ದು. ಅದರಲ್ಲಿ ಅಫೀಮು, ದಾಲ್ಚಿನ್ನಿ, ಶುಂಠಿ, ಕರಿಮೆಣಸು, ಹಿಪ್ಪಲಿ. ಮುಖ್ಯವಾದದ್ದು ಹಾವಿನ ಮಾಂಸ. ಪಾದುವಾ ಹತ್ತಿರದ ಯುಗಾನೆಯ ಗುಡ್ಡಗಳಲ್ಲಿ ಹಿಡಿದ ವೈಪರ್ ಹಾವು, ತಲೆ ಬಾಲ ಕತ್ತರಿಸಿ, ಬೇಯಿಸಿ, ರೊಟ್ಟಿಯ ಪುಡಿಯ ಜೊತೆ ಬಿಲ್ಲೆ ತಟ್ಟಿ ಒಣಗಿಸಿದ್ದು.

‘ಮೆಣಸು ನಮ್ಮದೇ ಅಲ್ವಾ?’ ಅಂದಳು ಹೆಂಡತಿ.

ಹೌದು. ಮೆಣಸು ಬರುತ್ತಿದ್ದದ್ದು ನಮ್ಮ ಪಶ್ಚಿಮ ಕರಾವಳಿಯಿಂದಲೇ. ನಮ್ಮ ಅಡುಗೆಮನೆಯ ಕಷಾಯದ ಸಾಮಾನು ಅಲ್ಲಿ ಹಾವಿನ ಜೊತೆ ಸೇರಿ ಬಂಗಾರದ ಬೆಲೆಯ ಮದ್ದಾಯಿತು.

ಕಲಬೆರಕೆ ಆಗಬಾರದು ಅಂತ ಇದನ್ನು ಬೀದಿಯಲ್ಲೇ, ಎಲ್ಲರ ಮುಂದೆ, ಅಧಿಕಾರಿಗಳ ಎದುರಿಗೆ ತಯಾರಿಸಬೇಕಿತ್ತು. ಸಾಮಾನನ್ನೆಲ್ಲ ಮೊದಲು ಪ್ರದರ್ಶನಕ್ಕೆ ಇಡಬೇಕು. ಆಮೇಲೆ ಕಂಚಿನ ದೊಡ್ಡ ಒರಳುಗಳಲ್ಲಿ ಕುಟ್ಟುವುದು, ಕುಟ್ಟುವವರು ಹಾಡು ಹೇಳುವುದು. ಕಾಂಪೊ ಸಾಂತೊ ಸ್ತೆಫಾನೊ ಅನ್ನುವ ಬಯಲಿನಲ್ಲಿ ಔಷಧದ ಅಂಗಡಿಯ ಮುಂದೆ ಒರಳು ಕೂರಿಸುತ್ತಿದ್ದ ಗುಂಡನೆಯ ಗುರುತು ಕಲ್ಲುಹಾಸಿನಲ್ಲಿ ಈಗಲೂ ಇದೆ. ನಾನು ಬಗ್ಗಿ ಕೈಯಾಡಿಸಿದೆ. ತಟ್ಟೆಯಷ್ಟು ಅಗಲ, ತುಸು ತಗ್ಗು. ನಮ್ಮ ಹಳ್ಳಿ ಮನೆಯ ಪಡಸಾಲೆಯಲ್ಲಿ ಹುಗಿದ ಒರಳುಕಲ್ಲಿನ ಅಂಚೂ ಹೀಗೇ ಸವೆದಿತ್ತು. ಪಕ್ಕದ ಮೇಜಿನಲ್ಲಿ ಕೂತು ಐಸ್‌ಕ್ರೀಮ್ ತಿನ್ನುತ್ತಿದ್ದವರು ನನ್ನನ್ನು ವಿಚಿತ್ರವಾಗಿ ನೋಡಿದರು.

ಇದರಿಂದ ಪ್ಲೇಗು ವಾಸಿ ಆಗುತ್ತಿತ್ತಾ? ಇಲ್ಲ. ಅಫೀಮಿನಿಂದ ನೋವು ಕಡಿಮೆ ಅನ್ನಿಸಿರಬಹುದು, ಭೇದಿ ನಿಂತಿರಬಹುದು. ಉಳಿದ ಚಿಕಿತ್ಸೆಗಳೂ ಅಷ್ಟಕ್ಕಷ್ಟೇ. ನರ ಕೊಯ್ದು ರಕ್ತ ಬಿಡುವುದು. ಕಂಕುಳು, ತೊಡೆಸಂದಿನ ಗಡ್ಡೆಗೆ ಪಟ್ಟು ಹಾಕಿ ಹಣ್ಣು ಮಾಡಿ ಕೊಯ್ಯುವುದು, ಇಲ್ಲವೇ ಕಾದ ಕಬ್ಬಿಣದಲ್ಲಿ ಸುಡುವುದು. ಪಾರಿವಾಳ ಸೀಳಿ ಗಡ್ಡೆಯ ಮೇಲೆ ಕಟ್ಟಿದರೆ ವಿಷ ಎಳೆದುಕೊಳ್ಳುತ್ತದೆ ಅಂತ ಯುರೋಪಿನ ಎಷ್ಟೋ ಕಡೆ ನಂಬಿದ್ದರು. ಕತ್ತಿಗೆ ಪಾಷಾಣದ ತಾಯಿತ ಕಟ್ಟಿಕೊಳ್ಳುವವರೂ ಇದ್ದರು. ಕೆಟ್ಟ ಗಾಳಿಯಿಂದ ರೋಗ ಬರುತ್ತದೆ ಅನ್ನುವುದು ಎಲ್ಲದರ ಹಿಂದಿನ ಲೆಕ್ಕ. ರೋಗಾಣು ಸಿಕ್ಕಿದ್ದು 1894ರಲ್ಲಿ, ಹಾಂಗ್‌ಕಾಂಗ್‌ನಲ್ಲಿ, ಯೆರ್ಸಿನ್‌ಗೆ. ಇಲಿಯ ಮೈಮೇಲಿನ ಚಿಗಟದಿಂದ ಹರಡುತ್ತದೆ ಅಂತ ಸೈಮಂಡ್ ತೋರಿಸಿದ್ದು 1898ರಲ್ಲಿ, ಕರಾಚಿಯಲ್ಲಿ. ಅದೇ ವರ್ಷ ಬೆಂಗಳೂರಿಗೂ ಪ್ಲೇಗು ಬಂತು.

ದಾರಿಯ ಅಂಗಡಿಗಳಲ್ಲೆಲ್ಲ ಉದ್ದ ಕೊಕ್ಕಿನ ಮುಖವಾಡ ನೇತುಹಾಕಿದ್ದರು. ಪ್ಲೇಗ್ ಡಾಕ್ಟರ್ ಮುಖವಾಡ. ಕೊಕ್ಕಿನೊಳಗೆ ಸುಗಂಧದ ಸೊಪ್ಪು ತುಂಬಿಕೊಂಡರೆ ಕೆಟ್ಟ ಗಾಳಿ ತಾಗುವುದಿಲ್ಲ ಅಂತ. ಈ ವೇಷ ಕಂಡುಹಿಡಿದ ಹೆಸರು ಅಂಟಿಕೊಂಡಿರುವುದು ಫ್ರಾನ್ಸಿನ ರಾಜವೈದ್ಯ ಶಾರ್ಲ್ ದ ಲೋರ್ಮ್‌ಗೆ, 1619ರ ಸುಮಾರಿಗೆ. ತಿತ್ಸಿಯಾನೊ ಸತ್ತ ಕಾಲದ ವೆನಿಸ್‌ಗೂ ಇದಕ್ಕೂ ಸಂಬಂಧವಿಲ್ಲ. ಆದರೂ ಒಂದು ಕೊಂಡೆ, ಮೊಮ್ಮಗನಿಗೆ.

ಮಧ್ಯಾಹ್ನ ಕಾಸ್ತೆಲ್ಲೊ ಕಡೆಗೆ ನಡೆದೆವು. ಇಲ್ಲಿ ಪ್ರವಾಸಿಗಳು ಕಡಿಮೆ, ಬಟ್ಟೆ ಒಣಹಾಕಿದ ಹಗ್ಗಗಳೇ ಜಾಸ್ತಿ. ಕೋರ್ತೆ ನೋವಾ ಅನ್ನುವ ವಠಾರಕ್ಕೆ ಹೋಗುವ ಸುರಂಗದಂಥ ಓಣಿಯ ನೆಲದಲ್ಲಿ ಒಂದೇ ಒಂದು ಕೆಂಪು ಕಲ್ಲು. 1630ರ ಪ್ಲೇಗಿನಲ್ಲಿ ಜೊವಾನ್ನಾ ಎಂಬ ಹೆಂಗಸು ಈ ವಠಾರದವರ ಕೈಲಿ ಮಾತೆ ಮೇರಿಯ ಚಿತ್ರ ಮಾಡಿಸಿ ಓಣಿಯಲ್ಲಿ ತೂಗುಹಾಕಿಸಿದಳಂತೆ. ಪ್ಲೇಗು ಬಂದು, ಚಿತ್ರ ನೋಡಿ, ಇದೇ ಕಲ್ಲಿನ ಹತ್ತಿರ ನಿಂತುಬಿಟ್ಟಿತಂತೆ, ಒಳಗೆ ಬರಲಿಲ್ಲವಂತೆ. ಊರಿನವರು ಈಗಲೂ ಆ ಕಲ್ಲು ತುಳಿಯುವುದಿಲ್ಲ. ವಿದ್ಯಾರ್ಥಿಗಳು ತುಳಿದರೆ ಪರೀಕ್ಷೆ ಕೆಡುತ್ತದೆ ಅಂತ ಬೇರೆ ನಂಬಿಕೆ. ವಿಜ್ಞಾನ ಓದುವ ನಮ್ಮ ಹುಡುಗಿ ಅದನ್ನು ದಾಟಿ ನೆಗೆದಳು. ‘ಸೆಪ್ಟೆಂಬರ್‌ನಲ್ಲಿ ಎರಡು ಪೇಪರ್ ಇದೆ ಮಾಮ, ರಿಸ್ಕ್ ಯಾಕೆ?’

ಸಂಜೆ ಸಾಲೂತೆ ಚರ್ಚು. 1630ರ ಅಕ್ಟೋಬರ್‌ನಲ್ಲಿ ಹರಕೆ ಹೊತ್ತು ಕಟ್ಟಿಸಿದ್ದು, ಮುಗಿಯಲು 1687 ಆಯಿತು. ಆ ಪ್ಲೇಗು ಬಂದ ದಾರಿ ನೋಡಿ. ಮಾಂತುವಾದಿಂದ ಬಂದ ರಾಯಭಾರಿಯನ್ನು ರೋಗದ ಅನುಮಾನದ ಮೇಲೆ ಸಾನ್ ಕ್ಲೆಮೆಂತೆ ದ್ವೀಪದಲ್ಲಿ ಇಟ್ಟಿದ್ದರು. ಅಲ್ಲಿ ಮರಗೆಲಸಕ್ಕೆ ಹೋದ ಬಡಗಿಯೊಬ್ಬ ಮನೆಗೆ ವಾಪಸ್ ಬಂದ. ಅವನ ಕೇರಿಯಿಂದ ಶುರು. ವೆನಿಸ್ ಊರೊಂದರಲ್ಲೇ ಸುಮಾರು 46,000 ಜನ ಸತ್ತರು. ರಾಯಭಾರಿಯನ್ನು ನಲವತ್ತು ದಿನ ಕೂಡಿಹಾಕಲು ಯೋಚನೆ ಮಾಡಿದವರಿಗೆ ಬಡಗಿ ಲೆಕ್ಕಕ್ಕೆ ಬರಲಿಲ್ಲ. ಇಂಥ ತಪ್ಪು ನನ್ನ ಕೈಯಲ್ಲೂ ಆಗಿದೆ. ಕಾಲರಾ ವಾರ್ಡಿಗೆ ಯಾರನ್ನೂ ಬಿಡದೆ, ಊಟದ ಡಬ್ಬಿ ತೊಳೆಯುವ ಹುಡುಗನನ್ನು ಮರೆತದ್ದು.

ಸಾಲೂತೆಯ ಗರ್ಭಗುಡಿಯಂಥ ಜಾಗದಲ್ಲಿ ಅಮೃತಶಿಲೆಯ ಮೂರ್ತಿಗಳು. ನಡುವೆ ಮಗುವನ್ನೆತ್ತಿಕೊಂಡ ಮೇರಿ. ಒಂದು ಪಕ್ಕ ಮೊಣಕಾಲೂರಿ ಬೇಡುವ ಸುಂದರಿ, ಅವಳು ವೆನಿಸ್ ನಗರ. ಇನ್ನೊಂದು ಪಕ್ಕ ಜೋತುಬಿದ್ದ ಮೊಲೆಯ, ಬಾಯ್ದೆರೆದ ಮುದುಕಿ ಓಡುತ್ತಿದ್ದಾಳೆ, ಅವಳು ಪ್ಲೇಗು. ಪಂಜು ಹಿಡಿದ ಪುಟ್ಟ ದೇವದೂತ ಅವಳನ್ನು ಅಟ್ಟುತ್ತಿದ್ದಾನೆ.

ಹೆಂಡತಿ ತುಂಬ ಹೊತ್ತು ನೋಡಿದಳು. ‘ನಮ್ಮಲ್ಲಾಗಿದ್ರೆ ಈ ಮುದುಕಿಗೇ ಗುಡಿ ಕಟ್ಟಿ, ಅರಿಶಿನ ಹಚ್ಚಿ, ಮೊಸರನ್ನ ಇಡ್ತಿದ್ರು’ ಅಂದಳು. ಬೆಂಗಳೂರಿನ ಪ್ಲೇಗಮ್ಮನ ಗುಡಿಗಳನ್ನು ನೆನೆದರೆ ಅವಳ ಮಾತು ಅಕ್ಷರಶಃ ಸರಿ. ಅವರು ಓಡಿಸಿದರು, ನಾವು ಕೂರಿಸಿ ಉಪಚರಿಸಿ ಕಳಿಸಿದೆವು.

ಶುಕ್ರವಾರ

ಪಾದುವಾ. ರೈಲಿನಲ್ಲಿ ಅರ್ಧ ಗಂಟೆ. ವಿಶ್ವವಿದ್ಯಾಲಯದ ಹಳೆಯ ಕಟ್ಟಡ ಪಲಾತ್ಸೊ ಬೋ. 1595ರಲ್ಲಿ ಮುಗಿದ ಅಂಗರಚನೆಯ ರಂಗಮಂದಿರ ಅಲ್ಲಿದೆ. ಮರದ ಆರು ಸುತ್ತುಗಳು, ನಡುವೆ ಹೆಣ ಕೊಯ್ಯುವ ಜಾಗ, ಬಾವಿಯೊಳಗೆ ನಿಂತು ಮೇಲೆ ನೋಡಿದ ಹಾಗೆ. ಗೆಲಿಲಿಯೊ ಪಾಠ ಮಾಡಿದ ಊರು. ಯುರೋಪಿನಲ್ಲಿ ವೈದ್ಯ ಕಲಿಯಬೇಕಾದರೆ ಇಲ್ಲಿಗೇ ಬರಬೇಕು ಅನ್ನುವಂಥ ಕಾಲ ಅದು.

ಇಲ್ಲಿನ ಇಬ್ಬರು ಪ್ರೊಫೆಸರುಗಳ ಕಥೆ ಹೇಳಲೇಬೇಕು. ಜಿರೋಲಾಮೊ ಮೆರ್ಕುರಿಯಾಲೆ ಮತ್ತು ಕಾಪೊದಿವಾಕ್ಕಾ. 1576ರ ಜೂನ್‌ನಲ್ಲಿ ವೆನಿಸ್‌ನಲ್ಲಿ ಸಾವು ಹೆಚ್ಚಾಗುತ್ತಿತ್ತು. ಆರೋಗ್ಯ ಮಂಡಳಿಯವರು ಇದು ಪ್ಲೇಗೇ, ಮನೆಗಳಿಗೆ ಹಲಗೆ ಹೊಡೆದು ಮುಚ್ಚಬೇಕು, ರೋಗಿಗಳನ್ನು ದ್ವೀಪಕ್ಕೆ ಸಾಗಿಸಬೇಕು ಅನ್ನುತ್ತಿದ್ದರು. ಹಾಗೆ ಮಾಡಿದರೆ ವ್ಯಾಪಾರ ನಿಲ್ಲುತ್ತದೆ, ಬೇರೆ ಊರಿನವರು ವೆನಿಸ್‌ನ ಹಡಗನ್ನೇ ಹತ್ತಿರ ಸೇರಿಸುವುದಿಲ್ಲ. ಸರಕಾರ ಪಾದುವಾದಿಂದ ತಜ್ಞರನ್ನು ಕರೆಸಿತು. ತಜ್ಞರು ನೋಡಿ, ಇದು ನಿಜವಾದ ಪ್ಲೇಗಲ್ಲ ಅಂದರು. ನಿಜವಾದ ಪ್ಲೇಗು ಕೆಟ್ಟ ಗಾಳಿಯಿಂದ ಬರುವುದು, ಗಾಳಿ ಎಲ್ಲರಿಗೂ ಒಂದೇ, ಸಾಯುತ್ತಿರುವವರು ಹೆಚ್ಚಾಗಿ ಬಡವರು, ಹಾಗಾಗಿ ಇದು ಬೇರೆ ಜ್ವರ ಅನ್ನುವ ತರ್ಕ. ತರ್ಕದಲ್ಲಿ ತಪ್ಪು ಹುಡುಕುವುದು ಕಷ್ಟ! ಸಾಲದ್ದಕ್ಕೆ ಮನೆಮನೆಗೆ ಹೋಗಿ ರೋಗಿಗಳನ್ನು ಮುಟ್ಟಿ ಚಿಕಿತ್ಸೆ ಕೊಟ್ಟರು, ಒಂದು ಮನೆಯಿಂದ ಇನ್ನೊಂದು ಮನೆಗೆ. ಧೈರ್ಯವಂತರು, ಅದನ್ನು ಒಪ್ಪಬೇಕು. ಜುಲೈ ಬರುವಷ್ಟರಲ್ಲಿ ಸಾವು ಲೆಕ್ಕ ತಪ್ಪಿತು. ಇಬ್ಬರನ್ನೂ ಮನೆಗೆ ಕಳಿಸಿದರು. 1577ರಲ್ಲಿ ಎಲ್ಲ ಮುಗಿಯುವ ಹೊತ್ತಿಗೆ ಸುಮಾರು 50,000 ಜನ ಇರಲಿಲ್ಲ, ನಾಲ್ವರಲ್ಲಿ ಒಬ್ಬರಿಗಿಂತ ಹೆಚ್ಚು.

ಮೆರ್ಕುರಿಯಾಲೆಗೆ ಏನಾಯಿತು ಅಂತ ಕೇಳಿದೆ. ಏನೂ ಆಗಲಿಲ್ಲ. ಪ್ಲೇಗಿನ ಬಗ್ಗೆಯೇ ಉಪನ್ಯಾಸ ಕೊಟ್ಟ. ಪಾದುವಾದಲ್ಲೇ ಮುಂದುವರಿದು 1587ರಲ್ಲಿ ಬೊಲೊನ್ಯಾಗೆ, ಆಮೇಲೆ ಪೀಸಾಗೆ ಹೋದ. ನಮ್ಮ ಇಲಾಖೆಯಲ್ಲೂ ದೊಡ್ಡವರ ತಪ್ಪಿಗೆ ಹೀಗೇ, ಒಳ್ಳೆಯ ಊರಿಗೆ ವರ್ಗಾವಣೆ.

ಶನಿವಾರ

ಇಡೀ ಪ್ರವಾಸ ಮಾಡಿದ್ದೇ ಈ ದಿನಕ್ಕಾಗಿ ಅನ್ನಬಹುದು. ಲಜ್ಜರೆತ್ತೊ ನುವೊವೊ ದ್ವೀಪ. ವಾರದ ಕೊನೆಯಲ್ಲಿ ಮಾತ್ರ ಜನರನ್ನು ಬಿಡುತ್ತಾರೆ, ಮೊದಲೇ ಹೆಸರು ಬರೆಸಬೇಕು. ಫೊಂದಾಮೆಂತೆ ನೋವೆಯಿಂದ 13ನೇ ನಂಬರಿನ ವಪೊರೆಟ್ಟೊ. ವಪೊರೆಟ್ಟೊ ಅಂದರೆ ನೀರಿನ ಸಿಟಿ ಬಸ್ಸು. ಈ ದ್ವೀಪದಲ್ಲಿ ಇಳಿಯಬೇಕಾದರೆ ಮೊದಲೇ ಹೇಳಬೇಕು, ಇಲ್ಲದಿದ್ದರೆ ನಿಲ್ಲಿಸುವುದೇ ಇಲ್ಲ. ಇಳಿದವರು ಹದಿನೈದು ಜನ. ಬೋಟು ಹೋದ ಮೇಲೆ ಸಿಕಾಡದ ಚಿರ್ರೆನ್ನುವ ಸದ್ದು ಬಿಟ್ಟರೆ ಏನೂ ಇಲ್ಲ. ಮತ್ತೆ ಸೊಳ್ಳೆ. ಅಬ್ಬಾ, ಏನು ಸೊಳ್ಳೆ!

ವೆನಿಸ್‌ಗೆ ಎರಡು ಲಜ್ಜರೆತ್ತೊ. ಹಳೆಯದು 1423ರಲ್ಲಿ ಆದದ್ದು, ಪ್ಲೇಗು ಬಂದವರಿಗೆ. ಅಲ್ಲಿದ್ದ ನಜರೆತ್ ಮಾತೆಯ ಚರ್ಚಿನ ಹೆಸರು ಬಾಯಿಂದ ಬಾಯಿಗೆ ತಿರುಗಿ ಲಜ್ಜರೆತ್ತೊ ಆಯಿತು ಅಂತಾರೆ. ಹೊಸದು 1468ರದ್ದು, ಪ್ಲೇಗು ಇರಬಹುದು ಅಂತ ಅನುಮಾನ ಇರುವ ಹಡಗು, ಜನ, ಸರಕಿಗೆ. ನಲವತ್ತು ದಿನ, ಇಟಲಿ ಮಾತಿನಲ್ಲಿ ‘ಕ್ವಾರಾಂತ’. ಅದರಿಂದಲೇ ಕ್ವಾರಂಟೈನ್. ಇದಕ್ಕೂ ಮೊದಲು 1377ರಲ್ಲಿ ಈಗಿನ ದುಬ್ರೊವ್ನಿಕ್ ಊರಿನವರು ಮೂವತ್ತು ದಿನ ಇಟ್ಟಿದ್ದರು. ನಲವತ್ತಕ್ಕೆ ವೈದ್ಯದ ಕಾರಣಕ್ಕಿಂತ ಧರ್ಮದ ಕಾರಣವೇ ಹೆಚ್ಚು, ಯೇಸುವಿನ ನಲವತ್ತು ದಿನದ ಉಪವಾಸ. ನಮ್ಮಲ್ಲಿ ಪಥ್ಯಕ್ಕೆ ಒಂದು ಮಂಡಲ ಅನ್ನುತ್ತೇವಲ್ಲ, ಹಾಗೆ.

ನಡುವೆ ನಿಂತಿರುವ ಕಟ್ಟಡ ‘ತೆಜೋನ್ ಗ್ರಾಂದೆ’. ನೂರು ಮೀಟರಿಗೂ ಉದ್ದ. ನಮ್ಮ ಎಪಿಎಂಸಿ ಗೋದಾಮು ಮೂರು ಸೇರಿಸಿದ ಹಾಗೆ. ಈಗ ಗೋಡೆ ಮುಚ್ಚಿದೆ, ಆಗ ಎರಡೂ ಪಕ್ಕ ಕಮಾನುಗಳು ತೆರೆದಿದ್ದವು, ಗಾಳಿ ಆಡಬೇಕಲ್ಲ. ಹಡಗಿನಿಂದ ಇಳಿದ ಉಣ್ಣೆ, ಹತ್ತಿ, ಚರ್ಮ, ಬಟ್ಟೆ ಎಲ್ಲ ಇಲ್ಲಿಗೆ. ಅಂಡಿಗೆ ಬಿಚ್ಚಬೇಕು, ದಿನಾ ಮಗುಚಬೇಕು, ರೋಸ್‌ಮೇರಿ, ಜೂನಿಪರ್ ಸೊಪ್ಪಿನ ಹೊಗೆ ಹಾಕಬೇಕು. ಮೇಣ, ಸ್ಪಂಜಿನಂಥ ನೆನೆದರೂ ಕೆಡದ ಸಾಮಾನು ಉಪ್ಪುನೀರಿಗೆ. ಕಾಗದಪತ್ರಕ್ಕೆ ಹೊಗೆ, ವಿನೆಗರ್. ಈ ಕೆಲಸದ ಹಮಾಲರಿಗೆ ‘ಬಸ್ತಾಜಿ’ ಅಂತ ಹೆಸರು. ಅವರು ಅಂಗಿಯ ತೋಳು ಮಡಿಸಿ ಉಣ್ಣೆಯ ಅಂಡಿಗೆಯೊಳಗೆ ಭುಜದವರೆಗೆ ಕೈ ತೂರಿಸಿ ಕಲಕಬೇಕಿತ್ತು. ಹಮಾಲನಿಗೆ ಜ್ವರ ಬಂದರೆ ಸರಕಿನಲ್ಲಿ ರೋಗ ಇದೆ. ಬರದಿದ್ದರೆ ಸರಕು ಶುದ್ಧ. ಗೈಡ್ ಹುಡುಗಿ ತೋಳು ಮಡಿಸಿ ತೋರಿಸುವಾಗ ಎಲ್ಲರೂ ನಗುತ್ತಿದ್ದವರು ಸುಮ್ಮನಾದರು.

ಒಳಗಿನ ಇಟ್ಟಿಗೆ ಗೋಡೆಯ ಮೇಲೆ ಕೆಂಪು ಬಣ್ಣದ ಬರಹಗಳಿವೆ. ಕಾವಿಮಣ್ಣಿನಂಥ ಬಣ್ಣ. ಇಲ್ಲಿ ದಿನ ತಳ್ಳಿದ ವ್ಯಾಪಾರಿಗಳು, ಹಮಾಲರು, ಕಾವಲುಗಾರರು ಬರೆದದ್ದು. ಹಡಗಿನ ಹೆಸರು, ಕಾನ್‌ಸ್ಟಾಂಟಿನೋಪಲ್, ಸೈಪ್ರಸ್ ಅಂತ ಬಂದ ಊರು, ಮೂಟೆಗೆ ಹಾಕುವ ಮಾರ್ಕು, ಇಸವಿ. ನನಗೆ ಓದಲು ಬರುವುದಿಲ್ಲ. ಆದರೆ 15, 6 ಅನ್ನುವ ಅಂಕಿಗಳು ಕಂಡವು. ಒಬ್ಬ ತುಂಬ ನಿಧಾನವಾಗಿ, ಅಕ್ಷರ ದುಂಡಾಗಿ ಬರೆದಿದ್ದಾನೆ. ನಲವತ್ತು ದಿನದಲ್ಲಿ ಬೇರೇನು ಕೆಲಸ?

ಸುತ್ತಲ ಗೋಡೆಯ ಒಳಗೆ ಆಗ ನೂರು ಕೋಣೆಗಳಿದ್ದವಂತೆ, ಒಂದೊಂದಕ್ಕೂ ಬೇರೆ ಬೇರೆ ಒಲೆ, ಚಿಮಣಿ. ಈಗ ಬುನಾದಿ ಮಾತ್ರ. 1576ರಲ್ಲಿ ಕೋಣೆ ಸಾಲದೆ ಸಾವಿರಾರು ಜನ ದೋಣಿಗಳಲ್ಲೇ ದ್ವೀಪದ ಸುತ್ತ ಉಳಿದರು. ನೋಡಿದವರು, ಊರಿಗೆ ಮುತ್ತಿಗೆ ಹಾಕಿದ ನೌಕಾಪಡೆ ನಿಂತಹಾಗಿತ್ತು ಅಂತ ಬರೆದಿದ್ದಾರೆ. ಊಟ ಸರಕಾರದ ಖರ್ಚಿನಲ್ಲಿ. ನೋಟರಿ ರೊಕ್ಕೊ ಬೆನೆದೆತ್ತಿ ಎಂಬವನು ಎರಡೂ ದ್ವೀಪಗಳನ್ನು ಹೋಲಿಸಿದ್ದಾನೆ: ಹಳೆಯದು ನರಕ, ಹೊಸದು ಸ್ವರ್ಗಕ್ಕೆ ಹೋಗುವ ಮೊದಲು ಪಾಪ ತೊಳೆಯುವ ನಡುಮನೆ.

2006ರಲ್ಲಿ ಇಲ್ಲಿ ಅಗೆದಾಗ ಹೆಂಗಸೊಬ್ಬಳ ಅಸ್ಥಿಪಂಜರ ಸಿಕ್ಕಿತು, ಬಾಯಿಗೆ ಇಟ್ಟಿಗೆ ತುರುಕಿದ್ದು. ಸತ್ತವರು ಗುಂಡಿಯೊಳಗೆ ಹೊದಿಕೆ ಜಗಿಯುತ್ತಾ ಪ್ಲೇಗು ಹರಡುತ್ತಾರೆ ಅನ್ನುವ ಭಯ. ಅದೇ ದ್ವೀಪದಲ್ಲಿ ಒಬ್ಬರು ಶಿಸ್ತಾಗಿ ಲೆಕ್ಕ ಬರೆದು, ದಿನ ಎಣಿಸಿ, ಹೊಗೆ ಹಾಕುತ್ತಿದ್ದರು. ಇನ್ನೊಬ್ಬರು ಹೆಣದ ಬಾಯಿಗೆ ಇಟ್ಟಿಗೆ ಇಡುತ್ತಿದ್ದರು. ಒಬ್ಬನೇ ಎರಡೂ ಮಾಡಿದ್ದರೂ ನನಗೆ ಆಶ್ಚರ್ಯವಿಲ್ಲ. ಚಿಗಟದ ವಿಷಯ ಅವರಿಗೆ ಗೊತ್ತಿರಲಿಲ್ಲ. ಆದರೂ ಚಿಗಟ ಅಡಗಿ ಬರುವ ಬಟ್ಟೆ, ಉಣ್ಣೆಯನ್ನೇ ಅವರು ತಡೆದು ನಿಲ್ಲಿಸಿದ್ದರು. ಪ್ರೊಫೆಸರುಗಳ ತರ್ಕ ಬಿದ್ದುಹೋಯಿತು, ಹಮಾಲರ ಗೋದಾಮು ನಿಂತಿದೆ. ನನಗೆ ಈ ದ್ವೀಪ ಸೇರಿದ್ದು ಅದಕ್ಕೇ.

ರಾತ್ರಿ ರೆದೆಂತೊರೆ ಹಬ್ಬ, ಅಕ್ಕನ ಮಗಳು ಹೇಳಿದ್ದ ಪ್ಲೇಗು ಬಿಟ್ಟುಹೋದ ಖುಷಿಯ ಹಬ್ಬ. ದೋಣಿಗಳಿಗೆಲ್ಲ ಸೊಪ್ಪು, ಕಾಗದದ ದೀಪ ಕಟ್ಟಿ ಜನ ಅದರಲ್ಲೇ ಕೂತು ಉಣ್ಣುತ್ತಾರೆ. ನಾವು ದಡದಲ್ಲಿ ಅವಲಕ್ಕಿ ತಿಂದೆವು. ಪಕ್ಕದ ಕುಟುಂಬದ ಅಜ್ಜಿ ಮೂರು ಹೋಳು ಕಲ್ಲಂಗಡಿ ಕೊಟ್ಟಳು, ಹೆಂಡತಿ ಕೋಡುಬಳೆ ಕೊಟ್ಟಳು. ಭಾಷೆ ಬೇಕಾಗಲಿಲ್ಲ. ಹನ್ನೊಂದೂವರೆಗೆ ಬಾಣಬಿರುಸು ಶುರುವಾಯಿತು. ಮೆಸ್ತ್ರೆಗೆ ವಾಪಸ್ ಬರುವಾಗ ರೈಲಿನಲ್ಲಿ ನಮ್ಮ ಮೆಜೆಸ್ಟಿಕ್ ನೆನಪಾಯಿತು.

ಭಾನುವಾರ

1576ರ ಸೆಪ್ಟೆಂಬರ್ 4ರಂದು ಸೆನೆಟ್ ಹರಕೆ ಹೊತ್ತಿತು: ಪ್ಲೇಗು ಹೋದರೆ ಒಂದು ಚರ್ಚು ಕಟ್ಟಿಸುತ್ತೇವೆ, ವರ್ಷ ವರ್ಷ ಬಂದು ನಮಿಸುತ್ತೇವೆ. ಪಲ್ಲಾದಿಯೊ ನಕ್ಷೆ ಹಾಕಿದ. 1577ರ ಮೇ ತಿಂಗಳಲ್ಲಿ ಮೊದಲ ಕಲ್ಲು, ಜುಲೈನಲ್ಲಿ ಮೊದಲ ಮೆರವಣಿಗೆ. ಈ ರೆದೆಂತೊರೆ ಚರ್ಚು ಜುದೆಕ್ಕಾ ದ್ವೀಪದಲ್ಲಿ, ಹಾಗಾಗಿ ದೋಣಿಗಳನ್ನು ಸಾಲಾಗಿ ಕಟ್ಟಿ ಸೇತುವೆ ಮಾಡಿದರು. ಈಗಲೂ ಈ ಹಬ್ಬಕ್ಕೆ ಮಾತ್ರ ತೇಲುವ ಸೇತುವೆ ಹಾಕಿ ಆಮೇಲೆ ತೆಗೆಯುತ್ತಾರೆ. ಮುನ್ನೂರು ಮೀಟರಿಗೂ ಉದ್ದ. ನಡೆಯುವಾಗ ಪಾದದ ಕೆಳಗೆ ತುಸು ತುಸು ಅಲುಗುತ್ತದೆ. ಮುಂದೆ ಬಿಳಿಯ ಚರ್ಚು ಸೀದಾ ಎದುರಿಗೆ ಕೂತಿದೆ. ಕೋಲೂರಿಕೊಂಡು ಬರುವ ಮುದುಕರು, ತಳ್ಳುಗಾಡಿಯಲ್ಲಿ ಮಕ್ಕಳು. ಪ್ರವಾಸಿಗಳಿಗಿಂತ ಊರಿನವರೇ ಹೆಚ್ಚು. ಹೆಂಡತಿ ಒಳಗೆ ಒಂದು ಮೇಣದಬತ್ತಿ ಹಚ್ಚಿದಳು. ಯಾರಿಗೆ ಅಂತ ನಾನು ಕೇಳಲಿಲ್ಲ.

ಮಧ್ಯಾಹ್ನ ಲೀದೋಗೆ ಹೋಗುವ ಬೋಟು ಹತ್ತಿದೆವು. ಹಳೆಯ ಲಜ್ಜರೆತ್ತೊ ಲೀದೋ ದಡಕ್ಕೆ ತೀರಾ ಹತ್ತಿರ, ನಡುವೆ ಚಿಕ್ಕ ಕಾಲುವೆಯಷ್ಟು ನೀರು. ಕೆಂಪು ಗೋಡೆ, ಕುಸಿದ ಮಾಡು, ಒಂದೆರಡು ಮರ. ಈ ಶತಮಾನದ ಮೊದಲ ವರ್ಷಗಳಲ್ಲಿ ಅಲ್ಲಿ ಅಗೆದಾಗ 1,500ಕ್ಕೂ ಹೆಚ್ಚು ಅಸ್ಥಿಪಂಜರ ಸಿಕ್ಕವು, ಒಂದರ ಮೇಲೊಂದು ಪೇರಿಸಿಟ್ಟದ್ದು. ನಾವು ದಡದ ಕಟ್ಟೆಯ ಮೇಲೆ ಕೂತು ಆಚೆ ನೋಡುತ್ತಿದ್ದೆವು. ಒಬ್ಬ ಹುಡುಗ ಪಕ್ಕದಲ್ಲೇ ಗಾಳ ಹಾಕುತ್ತಿದ್ದ.

ನಾಲ್ಕು ಗಂಟೆ. ಊರಲ್ಲಿ ಏಳೂವರೆ ಆಗಿರುತ್ತದೆ, ಸೋದರತ್ತೆಯ ಊಟ ಮುಗಿದಿರುತ್ತದೆ. ಎಂಬತ್ತೆಂಟು ವರ್ಷ ಅವರಿಗೆ. ಫೋನ್ ಮಾಡಿದೆ.

‘ಅತ್ತೆ, ಅಜ್ಜಿಗೆ ಒಬ್ಬಳು ಅಕ್ಕ ಇದ್ದಳಲ್ಲ, ಪ್ಲೇಗಿನಲ್ಲಿ ಹೋದವಳು. ಅವಳ ಹೆಸರೇನು?’

‘ಅಲ್ಲಪ್ಪಾ, ಅಷ್ಟು ದೂರ ಹೋಗಿ ಕೇಳೋ ಮಾತೇನೋ ಇದು!’ ಸ್ವಲ್ಪ ಹೊತ್ತು ಟಿವಿಯ ಸದ್ದು ಮಾತ್ರ ಕೇಳಿಸಿತು. ‘ರಂಗಿ ಅಂತಿದ್ಲು ಅಮ್ಮ... ಇಲ್ಲ, ತಡಿ, ರಂಗಿ ಅಂದ್ರೆ ಅವರ ಮನೆ ಹಸುವೋ ಏನೋ. ಪುಟ್ಟತಾಯಿ ಇರಬೇಕು. ಇವತ್ತು ರಾತ್ರಿ ಯೋಚನೆ ಮಾಡ್ತೀನಿ, ನಾಳೆ ಮಾಡು.’

ಬೋಟಿನ ಟಿಕೆಟ್ಟಿನ ಹಿಂದೆ ಎರಡು ಹೆಸರೂ ಬರೆದುಕೊಂಡೆ. ಮುಂದೆ ವಯಸ್ಸು, ಸುಮಾರು 10. ಕಾಯಿಲೆ, ಪ್ಲೇಗು. ಎಷ್ಟು ದಿನದಿಂದ ಅನ್ನುವುದನ್ನು ನಾಳೆ ಕೇಳಬೇಕು.